ಛತ್ರದ ಅಡುಗೆಮನೆ ಮತ್ತು ಕೂಲಿ ಎಂಬ ಮಾತು

ಕಾರ್ಮಿಕರ ಪರವಾಗಿ ಅರ್ಜಿ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರುವ ತರುಣ ತರುಣಿಯರು ನನ್ನನ್ನು ಮೊದಲು ಕೇಳುವುದು ಕಾನೂನಿನ ಕಲಮುಗಳನ್ನು ಕುರಿತು. ಕಲಮುಗಳು ಪುಸ್ತಕದಲ್ಲಿವೆ, ಓದಿಕೊಳ್ಳಬಹುದು. ಪುಸ್ತಕದಲ್ಲಿಲ್ಲದ ಸಂಗತಿ ಬೇರೆಯೇ ಇದೆ. ದುಡಿದವರಿಗೆ ಸಲ್ಲುವ ಹಣಕ್ಕೆ ಹೆಸರಿಡುವವರು ದುಡಿದವರಲ್ಲ, ಕೊಡುವವರು. ಆ ಹೆಸರು ಎಷ್ಟು ಸವಿಯಾಗಿರುತ್ತದೋ ದುಡಿದವರ ಹಕ್ಕು ಅಷ್ಟು ತೆಳುವಾಗಿರುತ್ತದೆ. ಮದರಾಸಿನ ಒಂದು ಕಾರ್ಮಿಕ ಸಂಘದ ಕಾನೂನು ವಿಭಾಗದಲ್ಲಿ ಎಪ್ಪತ್ತರ ದಶಕದ ಆರಂಭದಿಂದ ನಿವೃತ್ತಿಯ ದಿನದವರೆಗೆ ನಾನು ಕಲಿತದ್ದರ ಸಾರ ಇಷ್ಟೇ. ಇದನ್ನು ನನಗೆ ಪೂರ್ತಿಯಾಗಿ ಕಲಿಸಿದ್ದು ಒಬ್ಬ ಅಡುಗೆಯ ಹೆಂಗಸಿನ ಪ್ರಕರಣ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಆಕೆಯ ಹೆಸರು ವೇಣಕ್ಕ. ಕುಂಭಕೋಣದ ಕಡೆಯ, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಮಾತಾಡುವ ಮಾಧ್ವ ಮನೆತನದವರು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಮೂಲೆಗೆ ಕೂರಿಸಿದ ಅಸಂಖ್ಯ ಹೆಣ್ಣುಗಳಲ್ಲಿ ಒಬ್ಬರು. ಬಂಧುಗಳು ಆಕೆಯನ್ನು ಮದರಾಸಿಗೆ ತಂದು, ನಮ್ಮ ಸಮುದಾಯದವರೇ ನಡೆಸುತ್ತಿದ್ದ ಒಂದು ಕಲ್ಯಾಣ ಛತ್ರದ ಅಡುಗೆಮನೆಗೆ ಸೇರಿಸಿದ್ದರು. ಅಲ್ಲಿನ ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ವಾಸ, ಎರಡು ಹೊತ್ತು ಊಟ, ತಿಂಗಳಿಗೊಮ್ಮೆ ಒಂದಿಷ್ಟು ಹಣ. ಒಂದು ಮದುವೆಯ ದಿನ ದೊಡ್ಡ ಹಂಡೆಯಿಂದ ಅನ್ನ ಬಸಿಯುವಾಗ ಕುದಿಯುವ ಗಂಜಿ ಬಲಗೈಯ ಮೇಲೆ ಸುರಿಯಿತು. ಗಾಯ ಮಾಯುವ ಹೊತ್ತಿಗೆ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೆಯೇ ನಿಂತುಬಿಟ್ಟವು. ಛತ್ರದ ಮೇನೇಜರು ಕೋಣೆ ಖಾಲಿ ಮಾಡುವಂತೆ ಹೇಳಿದರು. ಹೊಸ ಅಡುಗೆಯವಳಿಗೆ ಅದು ಬೇಕಾಗಿತ್ತು. ನಮ್ಮ ತಾಯಿಗೆ ಮಠದಲ್ಲಿ ವೇಣಕ್ಕನ ಪರಿಚಯವಿತ್ತು. ಅವರೇ ನನ್ನ ಬಳಿಗೆ ಕಳುಹಿಸಿದ್ದು.

ಸಂಘದ ಕಚೇರಿಯಲ್ಲಿ ವೇಣಕ್ಕ ಕುರ್ಚಿಯ ತುದಿಯಲ್ಲಿ, ಯಾರಿಗೂ ತಾಗದಂತೆ ಮುದುಡಿ ಕುಳಿತರು. ಕಾಫಿ ಮುಟ್ಟಲಿಲ್ಲ. ನನ್ನ ಮೇಲಧಿಕಾರಿ ದೊರೈಸ್ವಾಮಿ, ಸಂಘದ ಕಾರ್ಯದರ್ಶಿ, ಬಾಗಿಲಲ್ಲೇ ನಿಂತು ನನ್ನನ್ನು ಹೊರಗೆ ಕರೆದರು. ಅವರ ತಮಿಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಏನು ತೋಳರ್, ಮಠದ ಮಾಮಿಯ ಕೈಗೂ ಕೆಂಪು ಬಾವುಟ ಕೊಡಲು ಹೊರಟೆಯಾ? ಸೀರೆಯೇ ಕೆಂಪಗಿದೆ, ಬಾವುಟದ ಖರ್ಚು ಉಳಿಯಿತು."

ತೋಳರ್ ಎಂದರೆ ಸಂಗಾತಿ. ಸಂಘದಲ್ಲಿ ನಾವು ಒಬ್ಬರನ್ನೊಬ್ಬರು ಕರೆಯುತ್ತಿದ್ದುದು ಹಾಗೆ. ಅವರ ದನಿ ಒಳಗೆ ಕೇಳಿಸಿತ್ತು. ವೇಣಕ್ಕ ತಲೆಯ ಮೇಲಿನ ಸೆರಗನ್ನು ಎಡಗೈಯಿಂದ ಸರಿಪಡಿಸಿಕೊಂಡು, ನನ್ನನ್ನು ನೋಡಿ ಕನ್ನಡದಲ್ಲಿ ಹೇಳಿದರು: "ಸುಲೋಚನಾ, ಆ ತಮ್ಮನಿಗೆ ಹೇಳು. ಬಾವುಟ ಹಿಡಿಯೋಕ್ಕೆ ಕೈ ಬೇಕಲ್ಲಾಂತ."

ನಾನು ಹೇಳಿದೆ. ದೊರೈಸ್ವಾಮಿ ತಮ್ಮ ಮೇಜಿಗೆ ಹೋದರು. ಅವರು ಕೆಟ್ಟವರಲ್ಲ. ಆದರೆ ಗಿರಣಿಯ ಗಂಡಸು ಮಾತ್ರ ಕಾರ್ಮಿಕ, ಒಲೆಯ ಮುಂದಿನ ಹೆಂಗಸು ಯಾರದೋ ಮನೆಯವಳು ಎಂಬ ನಂಬಿಕೆ ನಮ್ಮ ಸಂಘದೊಳಗೂ ಇತ್ತು. ಶೋಷಣೆಯ ವಿರುದ್ಧ ಭಾಷಣ ಮಾಡುತ್ತಿದ್ದ ನಾವೇ ಸಾವಿರಾರು ಹೆಂಗಸರ ದುಡಿಮೆಯನ್ನು ದುಡಿಮೆಯೆಂದು ಒಪ್ಪಿರಲಿಲ್ಲ. ಆ ತಪ್ಪನ್ನು ಮೊದಲು ದಾಖಲಿಸಿ ಮುಂದೆ ಹೋಗುತ್ತೇನೆ.

ಕೆಲಸದಲ್ಲಿ ಗಾಯಗೊಂಡವರಿಗೆ ಮಾಲೀಕರು ಪರಿಹಾರ ಕೊಡಬೇಕೆಂದು ಕಾನೂನಿತ್ತು. ಅದು ಸಿಗಬೇಕಾದರೆ ವೇಣಕ್ಕ ಅಲ್ಲಿ ಕೆಲಸಗಾರ್ತಿಯೆಂದೂ ಆಕೆಗೆ ಕೊಡುತ್ತಿದ್ದ ಹಣ ಕೂಲಿಯೆಂದೂ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಸಾಬೀತಾಗಬೇಕಿತ್ತು. ನಾನು ಅರ್ಜಿ ಬರೆದು ಓದಿ ಹೇಳಿದೆ. ಕೂಲಿ ಎಂಬ ಮಾತು ಬಂದೊಡನೆ ವೇಣಕ್ಕ ತಡೆದರು.

"ಅದು ವೇಂಡಾಮ್, ಬೇಡ ಕಣೇ. ನಾನೇನು ಕೂಲಿ ಆಳಾ? ದೇವರ ನೈವೇದ್ಯ ಮಾಡೋಳು."

"ಸಂಬಳ ಅಂತ ಬರೆಯಲೇ?"

"ಸಂಬಳ ಆಫೀಸಿಗೆ ಹೋಗೋ ಗಂಡಸರಿಗೆ. ನನಗೆಂಥ ಸಂಬಳ?"

"ಹಾಗಾದರೆ ಅವರು ಕೊಡುತ್ತಿದ್ದದ್ದು ಏನು, ವೇಣಕ್ಕಾ?"

"ಕೈಚೆಲವಿಗೇಂತ, ಕೈಖರ್ಚಿಗೆ, ಏನೋ ಕೊಡ್ತಿದ್ರು. ಅಷ್ಟೇ. ಹೆಸರು ಯಾರಿಗೆ ಬೇಕು?"

ನಾನು ಪೆನ್ನು ಕೆಳಗಿಟ್ಟೆ. ಏಕೆಂದರೆ ಇದೇ ಬಗೆಯ ಮಾತಿನಿಂದ ನಾವು ಎರಡು ಪ್ರಕರಣಗಳನ್ನು ಅದಾಗಲೇ ಸೋತಿದ್ದೆವು.

ಮೊದಲನೆಯದು ಕ್ರೋಂಪೇಟೆಯ ಒಂದು ಚರ್ಮ ಹದಮಾಡುವ ಕಾರ್ಖಾನೆಯದು. ಅಲ್ಲಿನ ಹೆಂಗಸರು ಹೊತ್ತು ಮುಳುಗಿದ ಮೇಲೂ ನಿಂತು ತೊಗಲು ಹೆರೆಯುತ್ತಿದ್ದರು. ಆ ಹೆಚ್ಚಿನ ಹೊತ್ತಿಗೆ ಮಾಲೀಕ ಕೊಡುತ್ತಿದ್ದ ಹಣವನ್ನು ಇನಾಮು ಎನ್ನುತ್ತಿದ್ದ. ಹಬ್ಬದ ಮುಂಚೆ ಅದನ್ನು ನಿಲ್ಲಿಸಿದಾಗ ಹೆಂಗಸರು ನಮ್ಮಲ್ಲಿಗೆ ಬಂದರು. ದೊರೈಸ್ವಾಮಿ ಕಾನೂನಿನ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ವಿಚಾರಣೆಗೆ ಹೋದರು, ಹೆಂಗಸರ ಜೊತೆ ಮಾತ್ರ ಒಂದು ಗಂಟೆಯೂ ಕುಳಿತು ಮಾತಾಡಲಿಲ್ಲ. ಅಧಿಕಾರಿ ಕೇಳಿದಾಗ ಮುಂದೆ ನಿಂತಿದ್ದ ಮುದುಕಿ ಕೈಮುಗಿದು, "ಇನಾಮು ಸಾಮಿ, ಮೊದಲಾಳಿ ಪ್ರೀತಿಯಿಂದ ಕೊಡೋದು" ಎಂದುಬಿಟ್ಟಳು. ಪ್ರೀತಿಯಿಂದ ಕೊಟ್ಟದ್ದನ್ನು ಪ್ರೀತಿ ಹೋದಾಗ ನಿಲ್ಲಿಸಬಹುದು. ಅಲ್ಲಿಗೆ ಪ್ರಕರಣ ಮುಗಿಯಿತು. ದುಡಿಸಿಕೊಂಡ ಹೊತ್ತಿಗೆ ದಾನದ ಹೆಸರಿಟ್ಟದ್ದು ಕಳ್ಳತನ. ಆ ಮಾತನ್ನು ಅಂದು ವಿಚಾರಣೆಯ ಕೋಣೆಯಲ್ಲಿ ಯಾರೂ ಆಡಲಿಲ್ಲವಾದ್ದರಿಂದ ಇಂದು ಇಲ್ಲಿ ಆಡುತ್ತಿದ್ದೇನೆ.

ಎರಡನೆಯದು ಬೆಸೆಂಟ್ ನಗರದ ಒಂದು ಶಾಲೆಯದು. ಆಡಳಿತದವರು ಉಪಾಧ್ಯಾಯಿನಿಯರಿಗೆ ಗೌರವಧನ ಕೊಡುತ್ತಿದ್ದರು. ಬೇಸಿಗೆಯ ರಜೆಗೆ ಅದಿಲ್ಲ, ಬಾಣಂತನಕ್ಕೆ ಅದಿಲ್ಲ. ನಮ್ಮವರೇ ಆದ ಒಬ್ಬ ಕನ್ನಡದ ಉಪಾಧ್ಯಾಯಿನಿ ಹೆರಿಗೆಯಾದ ಮೇಲೆ ಕೆಲಸ ಕಳೆದುಕೊಂಡರು. ಅರ್ಜಿಯಲ್ಲಿ ಸಂಬಳ ಎಂದು ಬರೆಯಲು ಆಕೆಯ ಮಾವನವರು ಒಪ್ಪಲಿಲ್ಲ. "ನಮ್ಮ ಸೊಸೆ ಸಂಬಳಕ್ಕೆ ದುಡಿಯೋಕೆ ಹೋದವಳಲ್ಲಮ್ಮಾ, ವಿದ್ಯಾದಾನಕ್ಕೆ ಹೋದವಳು" ಎಂದರು. ಅರ್ಜಿ ಹಿಂದಕ್ಕೆ ಬಂತು. ಗೌರವ ಮನೆಯಲ್ಲಿ ಉಳಿಯಿತು, ಧನ ಶಾಲೆಯಲ್ಲಿ ಉಳಿಯಿತು. ಬೇರೊಬ್ಬರ ಮರ್ಯಾದೆಗಾಗಿ ಹೆಣ್ಣಿನ ಅನ್ನ ಕಸಿಯುವ ಈ ಪರಿಗೆ ವಿದ್ಯಾವಂತರ ಮನೆ, ಅವಿದ್ಯಾವಂತರ ಮನೆ ಎಂಬ ಭೇದವಿಲ್ಲ.

ಈ ಎರಡು ಸೋಲುಗಳ ಭಾರ ಹೊತ್ತುಕೊಂಡೇ ನಾನು ವೇಣಕ್ಕನ ಅರ್ಜಿಯನ್ನು ಮತ್ತೆ ಬರೆದೆ. ಯಾವ ಹೆಸರನ್ನೂ ಹಾಕದೆ, ಅಡುಗೆ ಮಾಡಿದ್ದಕ್ಕಾಗಿ ಪ್ರತಿ ತಿಂಗಳು ಕೊಡುತ್ತಿದ್ದ ಹಣ ಎಂದಷ್ಟೇ ಬರೆದೆ. ವೇಣಕ್ಕ ಎಡಗೈಯ ಹೆಬ್ಬೆಟ್ಟು ಒತ್ತಿದರು. ಬಲಗೈ ಸೆರಗಿನೊಳಗೇ ಇತ್ತು.

ಛತ್ರದವರು ಉತ್ತರ ಕೊಟ್ಟರು. ಆಕೆ ಕೆಲಸಗಾರ್ತಿಯಲ್ಲ, ದೇವರ ಸೇವೆಗೆಂದು ಸ್ವಇಚ್ಛೆಯಿಂದ ಬಂದು ನೆಲಸಿದ ಹಿರಿಯರು. ಅವರಿಗೆ ಸಲ್ಲಿಸುತ್ತಿದ್ದುದು ದಕ್ಷಿಣೆ. ಇದು ಉತ್ತರದ ಸಾರಾಂಶ. ನನಗೆ ಓದಿ ನಗು ಬರಲಿಲ್ಲ, ಭಯವಾಯಿತು. ದಕ್ಷಿಣೆ ಎಂಬ ಮಾತಿಗೆ ವೇಣಕ್ಕ ಎಷ್ಟು ಬೇಗ ಒಲಿಯಬಹುದೆಂದು ನನಗೆ ಗೊತ್ತಿತ್ತು. ನಮ್ಮ ಪದ್ಧತಿಯನ್ನು ಅರಿಯದವರಿಗಾಗಿ ಹೇಳುತ್ತೇನೆ. ಕೂಲಿಯನ್ನು ಪಡೆಯುವವನು ನಿಂತು, ಕೈಚಾಚಿ ಪಡೆಯುತ್ತಾನೆ. ಸಂಬಳವನ್ನು ಸಹಿ ಹಾಕಿ ಪಡೆಯುತ್ತಾನೆ. ದಕ್ಷಿಣೆಯಲ್ಲಿ ಬಗ್ಗುವವನು ಕೊಡುವವನು. ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆಯ ಜೊತೆ ಇಟ್ಟು, ನಮಸ್ಕರಿಸಿ ಕೊಡುತ್ತಾನೆ. ಪಡೆಯುವವರು ಅಕ್ಷತೆ ಹಾಕಿ ಹರಸುತ್ತಾರೆ. ಜೀವಮಾನವೆಲ್ಲ ಯಾರಿಂದಲೂ ನಮಸ್ಕಾರ ಕಾಣದ ಹೆಂಗಸಿಗೆ, ನೀವು ಪಡೆದದ್ದು ದಕ್ಷಿಣೆ ಎಂದು ಹೇಳಿದರೆ ಆಕೆ ಬೇಡವೆನ್ನಲು ಸಾಧ್ಯವೇ?

ವಿಚಾರಣೆಗೆ ಎರಡು ದಿನ ಮುಂಚೆ ವೇಣಕ್ಕ ಮತ್ತೆ ಬಂದರು. ಸೊಂಟದಲ್ಲಿ ಸಿಕ್ಕಿಸಿದ್ದ ಒಂದು ಕಾಗದ ತೆಗೆದು ನನ್ನ ಮೇಜಿನ ಮೇಲಿಟ್ಟರು. ಛತ್ರದ ಮೇನೇಜರು ವಾಸುದೇವರಾಯರು ಬರೆಸಿಕೊಟ್ಟ ಮುಚ್ಚಳಿಕೆ ಅದು. ತಾನು ಸೇವೆ ಮಾಡಿದೆ, ದಕ್ಷಿಣೆ ಪಡೆದೆ, ಪರಿಹಾರ ಕೇಳುವುದಿಲ್ಲ ಎಂದು ಆಕೆ ಹೆಬ್ಬೆಟ್ಟು ಒತ್ತಿಕೊಡಬೇಕು.

"ಒತ್ತಿದರೆ ಏನು ಕೊಡ್ತಾರಂತೆ?" ಎಂದೆ.

"ಕೋಣೆ. ನಾನು ಇರೋ ವರೆಗೂ ಇರಬಹುದಂತೆ. ಊಟಾನೂ."

"ಅದು ಈ ಕಾಗದದಲ್ಲಿ ಎಲ್ಲೂ ಇಲ್ಲವಲ್ಲ."

"ರಾಯರು ಬಾಯಲ್ಲಿ ಹೇಳಿದ್ದಾರೆ. ದೊಡ್ಡವರು, ಸುಳ್ಳು ಹೇಳ್ತಾರಾ?"

ನೀವು ಈ ವೃತ್ತಿಯಲ್ಲಿ ಎಷ್ಟು ವರ್ಷ ಇದ್ದರೂ ಇದನ್ನು ಮತ್ತೆ ಮತ್ತೆ ಕಾಣುತ್ತೀರಿ: ಬಡವರು ಬಿಟ್ಟುಕೊಡುವುದು ಬರಹದಲ್ಲಿ, ಅವರಿಗೆ ಸಿಗುವುದು ಬಾಯಿಮಾತಿನಲ್ಲಿ. ನಾನು ಇದನ್ನು ವೇಣಕ್ಕನಿಗೆ ಎಷ್ಟು ತಾಳ್ಮೆಯಿಂದ ಸಾಧ್ಯವೋ ಅಷ್ಟು ತಾಳ್ಮೆಯಿಂದ ಬಿಡಿಸಿ ಹೇಳಿದೆ. ಒತ್ತಿದರೆ ಪರಿಹಾರವಿಲ್ಲ, ನಾಳೆ ಕೋಣೆಯಿಂದ ಹೊರಗೆ ಹಾಕಿದರೆ ಕೇಳುವ ಹಕ್ಕೂ ಇಲ್ಲ. ಒತ್ತದೆ ಹೋಗಿ ಸೋತರೆ ಅಂದೇ ಬೀದಿ. ಎರಡನ್ನೂ ಮುಚ್ಚಿಡದೆ ಹೇಳಿದೆ.

ಅವರು ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು, "ಸುಮ್ಮನೆ ಯಾಕೆ ಕಚ್ಚಾಟ? ದಕ್ಷಿಣೆ ಅಂದ್ರೆ ಕೇಳೋಕ್ಕೂ ಒಳ್ಳೇದಾಗಿರತ್ತೆ. ಕೂಲಿ ಅಂದ್ರೆ ನಾಲ್ಕು ಜನರ ಮುಂದೆ ನಾಚಿಕೆ" ಎಂದರು.

"ಕೈಯನ್ನು ಮರೆಮಾಡಿಕೊಳ್ಳುವುದು ನಾಚಿಕೆಯಲ್ಲವೇ, ವೇಣಕ್ಕಾ?"

ಈ ಮಾತು ಹೆಚ್ಚಾಯಿತೆಂದು ಆಡಿದ ಮರುಕ್ಷಣವೇ ತಿಳಿಯಿತು. ಅವರು ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. "ನಾಡಿದ್ದು ಬರ್ತೀನಿ. ಏನು ಹೇಳ್ಬೇಕೂಂತ ಅಲ್ಲಿ ಹೇಳ್ತೀನಿ" ಎಂದು ಹೊರಟುಹೋದರು. ದೊರೈಸ್ವಾಮಿ ಕೇಳಿಸಿಕೊಂಡಿದ್ದರು. "ಸೋತೆವು, ಬಿಡು" ಎಂದರು. ಕನ್ನಡ ಬಾರದಿದ್ದರೂ ಆಕೆ ಎದ್ದುಹೋದ ರೀತಿ ಅವರಿಗೆ ಅರ್ಥವಾಗಿತ್ತು.

ವಿಚಾರಣೆಯ ದಿನ ವೇಣಕ್ಕ ಬಂದರು. ಹೆಬ್ಬೆಟ್ಟು ಒತ್ತಿದ್ದಾರೋ ಇಲ್ಲವೋ ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಗೋಡೆಯ ಬದಿಯ ಬೆಂಚಿನಲ್ಲಿ, ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಕುಳಿತರು. ಎದುರು ಪಕ್ಷದಲ್ಲಿ ವಾಸುದೇವರಾಯರು, ಅವರ ತರುಣ ವಕೀಲ, ಹಿಂದೆ ಛತ್ರದ ಇಬ್ಬರು ಧರ್ಮದರ್ಶಿಗಳು. ರಾಯರು ಬ್ಯಾಂಕಿನಿಂದ ನಿವೃತ್ತರಾಗಿ ಛತ್ರದ ಆಡಳಿತ ನೋಡಿಕೊಳ್ಳುತ್ತಿದ್ದ ಮನುಷ್ಯ. ಹಣೆಯಲ್ಲಿ ಅಂಗಾರ ಅಕ್ಷತೆಯ ಗುರುತು, ಇಸ್ತ್ರಿ ಮಾಡಿದ ಪಂಚೆ. ಆ ದಿನ ಛತ್ರದಲ್ಲಿ ಮದುವೆಯಿದೆ, ಮುಹೂರ್ತದ ವೇಳೆಗೆ ತಾವು ಅಲ್ಲಿರಬೇಕು ಎಂದು ಅವರು ಕೇಳಿಕೊಂಡದ್ದರಿಂದ ಅಧಿಕಾರಿ ಅವರ ಹೇಳಿಕೆಯನ್ನೇ ಮೊದಲು ತೆಗೆದುಕೊಂಡರು. ಅಧಿಕಾರಿ ತಮಿಳರು, ತಲೆನರೆತವರು, ಮಾತು ಕಡಿಮೆ.

ವಕೀಲ ತನ್ನ ಪ್ರಶ್ನೆಗಳನ್ನು ಅಂದವಾಗಿ ಜೋಡಿಸಿಕೊಂಡು ಬಂದಿದ್ದ. ಆತ ನಮ್ಮ ಸಮುದಾಯದವನಲ್ಲ. ದಕ್ಷಿಣೆಯ ಲಕ್ಷಣಗಳನ್ನು ಯಾರಿಂದಲೋ ಕೇಳಿ ತಿಳಿದು, ಎಲ್ಲವನ್ನೂ ಸಾಕ್ಷಿಯ ಬಾಯಿಂದ ಹೊರಡಿಸಬೇಕೆಂದು ನಿರ್ಧರಿಸಿದ್ದ.

"ಈ ಹಣವನ್ನು ಹೇಗೆ ಕೊಡುತ್ತಿದ್ದಿರಿ?"

"ಗೌರವವಾಗಿ. ತಟ್ಟೆಯಲ್ಲಿಟ್ಟು."

"ತಟ್ಟೆಯಲ್ಲಿ ಇನ್ನೇನಿರುತ್ತಿತ್ತು?"

"ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ."

"ಅರಿಶಿನ ಕುಂಕುಮ?"

ರಾಯರು ಒಂದು ಕ್ಷಣ ತಡೆದರು. ವಕೀಲ ಹುಬ್ಬೆತ್ತಿದ. ಇಬ್ಬರೂ ಈ ಉತ್ತರವನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದರೆಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯುವಂತಿತ್ತು. "ಹೌದು. ಅರಿಶಿನ ಕುಂಕುಮ ಇಟ್ಟು, ಮನೆಯ ಹಿರಿಯರಿಗೆ ಕೊಡುವ ಹಾಗೆಯೇ ಕೊಡುತ್ತಿದ್ದೆವು" ಎಂದರು.

ನನ್ನ ಹಿಂದೆ ಬೆಂಚು ಕಿರುಗುಟ್ಟಿತು. ವೇಣಕ್ಕ ಎದ್ದು ನಿಂತಿದ್ದರು.

ವಿಧವೆಗೆ ನಮ್ಮಲ್ಲಿ ಯಾರೂ ಅರಿಶಿನ ಕುಂಕುಮದ ತಟ್ಟೆ ಹಿಡಿಯುವುದಿಲ್ಲ. ಅಂಥ ತಟ್ಟೆಯ ಹತ್ತಿರ ಆಕೆ ಸುಳಿಯುವುದನ್ನೂ ಸಹಿಸುವುದಿಲ್ಲ. ಈ ಕ್ರೌರ್ಯವನ್ನು ಆಚಾರವೆಂದು ಕರೆಯುತ್ತಾ ಬಂದಿದ್ದೇವೆ.

"ರಾಯರೇ," ಎಂದರು ವೇಣಕ್ಕ. ದನಿ ದೊಡ್ಡದಾಗಿರಲಿಲ್ಲ. "ಕುಂಕುಮ ಯಾರಿಗೆ ಕೊಟ್ರಿ?"

"ಕೂತ್ಕೊಳ್ಳಿಯಮ್ಮಾ, ನಿಮ್ಮ ಸರದಿ ಆಮೇಲೆ" ಎಂದರು ಅಧಿಕಾರಿ ತಮಿಳಿನಲ್ಲಿ. ವೇಣಕ್ಕ ಕೂರಲಿಲ್ಲ. ಅವರ ಕಡೆ ತಿರುಗಿ, ತಮಿಳಿನಲ್ಲೇ, ಆದರೆ ಕಣ್ಣು ರಾಯರ ಮೇಲಿಟ್ಟು ಮಾತಾಡಿದರು. ಅದನ್ನು ನಾನು ಕನ್ನಡಕ್ಕೆ ತಂದು ಬರೆಯುತ್ತೇನೆ.

"ಕೂತ್ಕೋತೀನಿ ಸಾರ್. ಒಂದೇ ಒಂದು ಮಾತು. ದುಡ್ಡು ಕಿಟಕಿ ಕಟ್ಟೆ ಮೇಲೆ ಇಡ್ತಿದ್ರು. ಉಗ್ರಾಣದವನು ಇಟ್ಟು, ಕಂಬಿ ತಟ್ಟಿ ಹೋಗ್ತಿದ್ದ. ಮಡಿ ಅಲ್ವಾ, ನಾನೂ ಸುಮ್ಮನಿದ್ದೆ. ದಕ್ಷಿಣೆ ಅಂತ ಹೇಳಿ, ಅದಕ್ಕೂ ಸುಮ್ಮನಿರ್ತೀನಿ. ಕುಂಕುಮ ಕೊಟ್ಟೆ ಅಂತ ಹೇಳಬೇಡಿ ರಾಯರೇ! ಮುಹೂರ್ತದ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಹೊರಗಿಂದ ಚಿಲಕ ಹಾಕಿಸ್ತಿದ್ದೋರು ಯಾರು?"

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು. "ಚಿಲಕ ಯಾಕೆ?" ಎಂದರು.

"ನನ್ನ ಮುಖ ಮದುಮಕ್ಕಳ ಕಣ್ಣಿಗೆ ಬೀಳಬಾರದೂಂತ. ಜೊತೆಗಿದ್ದ ಹುಡುಗಿ ಸುಮಂಗಲಿ, ಅವಳು ತಾಳಿ ಕಟ್ಟೋದು ನೋಡೋಕ್ಕೆ ಹೋಗ್ತಿದ್ಲು. ನಾನು ಒಳಗೆ. ಆ ದಿನಾನೂ ಒಳಗೆ."

"ಯಾವ ದಿನ?"

ವೇಣಕ್ಕ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಮುಂದೆ ಹಿಡಿದರು. ನಾನು ಆ ಕೈಯನ್ನು ಪೂರ್ತಿಯಾಗಿ ಕಂಡದ್ದು ಅದೇ ಮೊದಲು. "ಇದು ಆದ ದಿನ. ನೀರಿನ ಕೊಳಾಯಿ ಹೊರಗೆ. ಬಾಗಿಲು ಬಡಿದೆ. ಗಟ್ಟಿಮೇಳ ಸಾರ್, ಯಾರಿಗೆ ಕೇಳತ್ತೆ? ತಾಳಿ ಕಟ್ಟಿ, ಅಕ್ಷತೆ ಹಾಕಿ, ಎಲ್ಲಾ ಮುಗಿದ ಮೇಲೆ ಚಿಲಕ ತೆಗೆದ್ರು."

ಆಕೆ ನನಗೆ ಇದನ್ನು ಹೇಳಿರಲಿಲ್ಲ. ಬೆಂದ ಕೈಯೊಂದಿಗೆ ಒಬ್ಬ ಹೆಂಗಸು ಮುಚ್ಚಿದ ಬಾಗಿಲ ಹಿಂದೆ ನಿಂತು ಮಂಗಳವಾದ್ಯ ಮುಗಿಯುವುದನ್ನು ಕಾಯುತ್ತಿದ್ದಳೆಂಬುದನ್ನು ನಾನು ಮೊದಲ ಬಾರಿ ಕೇಳಿದ್ದು ಆ ಕೋಣೆಯಲ್ಲಿ, ಅಷ್ಟು ಜನರ ನಡುವೆ.

ವಕೀಲ ಆಕ್ಷೇಪಣೆ ಎತ್ತಿದ. ಅಧಿಕಾರಿ ಅವನನ್ನು ಕೈಸನ್ನೆಯಿಂದ ಕೂರಿಸಿ, ರಾಯರ ಕಡೆ ನೋಡಿದರು. ಅಧಿಕಾರಿಯೂ ಅಂಥ ಆಚಾರದ ಮನೆಗಳನ್ನು ಕಂಡು ಬೆಳೆದವರೇ.

"ಈ ಅಮ್ಮನಿಗೆ ನೀವು ಕುಂಕುಮ ಕೊಡುತ್ತಿದ್ದಿರಾ, ಸಾರ್? ಹೌದು ಅಥವಾ ಇಲ್ಲ, ಒಂದು ಹೇಳಿ."

ರಾಯರ ಮುಂದೆ ಎರಡೇ ದಾರಿಗಳಿದ್ದವು. ಹೌದೆಂದರೆ, ಹಿಂದೆ ಕುಳಿತ ಧರ್ಮದರ್ಶಿಗಳ ಮುಂದೆ ತಾವು ಪ್ರತಿ ತಿಂಗಳೂ ವಿಧವೆಗೆ ಕುಂಕುಮದ ತಟ್ಟೆ ಹಿಡಿದವರಾಗುತ್ತಾರೆ. ಆ ಮಾತು ಸಂಜೆಯೊಳಗೆ ಮಠ ಮುಟ್ಟುತ್ತದೆ, ಮಂಗಳಕಾರ್ಯಕ್ಕೆ ಆ ಛತ್ರವನ್ನು ಯಾರೂ ಕೇಳುವುದಿಲ್ಲ. ಇಲ್ಲವೆಂದರೆ ಪ್ರಮಾಣ ಮಾಡಿ ಹೇಳಿದ್ದು ಸುಳ್ಳಾಗುತ್ತದೆ. ಅವರು ಒಮ್ಮೆ ಹಿಂದಕ್ಕೆ ತಿರುಗಿದರು. ಹಿರಿಯ ಧರ್ಮದರ್ಶಿ ದೃಷ್ಟಿ ಕದಲಿಸದೆ ಅವರನ್ನೇ ನೋಡುತ್ತಿದ್ದರು. ವಕೀಲ ತುಟಿಯಲ್ಲೇ ಹೌದು ಎನ್ನಿ ಎನ್ನುತ್ತಿದ್ದ.

"ಇಲ್ಲ," ಎಂದರು ರಾಯರು. "ವಿಧವೆಯರಿಗೆ ಕುಂಕುಮ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ."

"ತಟ್ಟೆ?"

"ಇಲ್ಲ."

"ಚಿಲಕ?"

ರಾಯರು ಉತ್ತರಿಸಲಿಲ್ಲ. ಅಧಿಕಾರಿ ಅದನ್ನೂ ಬರೆದುಕೊಂಡರು. ಆಮೇಲೆ ವೇಣಕ್ಕನನ್ನು ಮುಂದೆ ಕರೆದು, ಕುರ್ಚಿ ಹಾಕಿಸಿ, ಕೇಳಿದರು: "ಆ ಹಣ ಯಾವುದಕ್ಕಾಗಿ ಕೊಡುತ್ತಿದ್ದರು ಅಂತ ನೀವು ತಿಳಿದಿದ್ದಿರಿ?"

ನಾನು ವೇಣಕ್ಕನನ್ನೇ ನೋಡಿದೆ. ಸೊಂಟದಲ್ಲಿ ಆ ಮುಚ್ಚಳಿಕೆ ಇನ್ನೂ ಇತ್ತು. ಸೀರೆಯ ಮಡಿಕೆಯ ನಡುವೆ ಅದರ ಅಂಚು ನನಗೆ ಕಾಣುತ್ತಿತ್ತು.

"ಬೇಯಿಸಿದ್ದಕ್ಕೆ," ಎಂದರು ವೇಣಕ್ಕ. "ಬೇಯಿಸಿದ ತಿಂಗಳು ಕೊಟ್ಟರು. ಜ್ವರ ಬಂದು ಮಲಗಿದ ತಿಂಗಳು ಕೊಡಲಿಲ್ಲ. ಅದಕ್ಕೆ ನೀವು ಏನು ಹೆಸರು ಬೇಕಾದರೂ ಇಟ್ಟುಕೊಳ್ಳಿ ಸಾರ್. ನನಗೆ ಕೊಟ್ಟಿದ್ದು ಮಾತ್ರ ಬೇಯಿಸಿದ್ದಕ್ಕೆ."

ಅವರು ಕಾಗದವನ್ನು ಹೊರತೆಗೆದು ಅಧಿಕಾರಿಯ ಮೇಜಿನ ಮೇಲಿಟ್ಟರು. ಹೆಬ್ಬೆಟ್ಟಿನ ಗುರುತು ಅದರಲ್ಲಿ ಇರಲಿಲ್ಲ.

ಆದೇಶ ಕೆಲವು ವಾರಗಳ ನಂತರ ಬಂತು. ಕೆಲಸದ ಹೊತ್ತಿನಲ್ಲಿ ಚಿಲಕ ಹಾಕಿಸಿ ಕೂಡಿಹಾಕುವವರು ಮಾಲೀಕರು, ಕೂಡಿಹಾಕಲ್ಪಟ್ಟವರು ಅವರ ಹಿಡಿತದಲ್ಲಿದ್ದ ಕೆಲಸಗಾರರು, ಆಕೆ ಪಡೆದದ್ದು ಕೂಲಿ ಎಂದು ಅಧಿಕಾರಿ ತೀರ್ಮಾನಿಸಿದರು. ಪರಿಹಾರ ಕೊಡಬೇಕೆಂದರು. ನಾವು ಗೆದ್ದೆವೆಂದು ಬರೆಯಲು ನನಗೆ ಇಷ್ಟವಿಲ್ಲ. ವಿಚಾರಣೆಯ ದಿನದ ಸಂಜೆಯೇ ವೇಣಕ್ಕನ ತಗಡಿನ ಪೆಟ್ಟಿಗೆಯನ್ನು ಛತ್ರದ ಹಿತ್ತಲಿಗೆ ಎತ್ತಿಹಾಕಿದ್ದರು. ತೀರ್ಪು ಬರುವವರೆಗಾದರೂ ಕಾಯುವ ಸೌಜನ್ಯ ತೋರಲಿಲ್ಲ. ಆಕೆ ನಮ್ಮ ಮನೆಯ ಹಿಂಭಾಗದ ಕೋಣೆಗೆ ಬಂದರು. ಪರಿಹಾರ ಲೆಕ್ಕಹಾಕುವ ಕಾನೂನೂ ನ್ಯಾಯವಾಗಿರಲಿಲ್ಲ. ಎಷ್ಟು ಕಡಿಮೆ ಕೂಲಿ ಕೊಟ್ಟು ದುಡಿಸಿದ್ದರೋ ಕೈಯ ಬೆಲೆಯೂ ಅಷ್ಟೇ ಕಡಿಮೆ ಎಂದು ಅದು ಎಣಿಸುತ್ತಿತ್ತು. ಜೀವನವಿಡೀ ವಂಚಿಸಿದವರಿಗೆ ಕಾನೂನು ಕೊನೆಯಲ್ಲೊಂದು ರಿಯಾಯಿತಿ ಕೊಡುವ ಈ ವ್ಯವಸ್ಥೆಯನ್ನು ಕುರಿತು ನಾನು ಅಂದಿನಿಂದಲೂ ಬರೆಯುತ್ತಿದ್ದೇನೆ.

ಚಿಲಕದ ಸಂಗತಿಯನ್ನು ಮೊದಲೇ ಏಕೆ ಹೇಳಲಿಲ್ಲವೆಂದು ಒಂದು ದಿನ ಕೇಳಿದೆ. ವೇಣಕ್ಕನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ತೋರಿತು. "ಅದರಲ್ಲಿ ಹೇಳೋಕ್ಕೆ ಏನಿದೆ? ಎಲ್ಲಾ ಕಡೇನೂ ಹಾಗೇ ಅಲ್ವಾ?" ಎಂದರು. ಅನ್ಯಾಯ ಹಳೆಯದಾದಷ್ಟೂ ಅದು ದೂರಿನ ಪಟ್ಟಿಗೆ ಸೇರುವುದಿಲ್ಲ. ಆ ಬಳಿಕ ನಾನು ವಿಚಾರಿಸುವ ಕ್ರಮವನ್ನೇ ಬದಲಿಸಿದೆ. ಎಷ್ಟು ಕೊಡುತ್ತಿದ್ದರು, ಏನೆಂದು ಕೊಡುತ್ತಿದ್ದರು ಎಂದು ಮೊದಲು ಕೇಳುವುದನ್ನು ಬಿಟ್ಟೆ. ಯಾರು ಕೊಟ್ಟರು, ಎಲ್ಲಿ ಇಟ್ಟರು, ನೀವು ಎಲ್ಲಿ ನಿಂತಿದ್ದಿರಿ, ಬಾಗಿಲು ತೆರೆದಿತ್ತೇ ಎಂದು ಕೇಳತೊಡಗಿದೆ. ದೊರೈಸ್ವಾಮಿ ಮೊದಲು ನಕ್ಕರು. ಆಮೇಲೆ ಕ್ರೋಂಪೇಟೆಯ ಆ ಹೆಂಗಸರ ಬಳಿ ತಾವೇ ಹೋಗಿ, ಕೆಳಗೆ ಕುಳಿತು, ಹೀಗೆಯೇ ಕೇಳಿ ಹೊಸ ಅರ್ಜಿ ಬರೆಸಿಕೊಂಡು ಬಂದರು. ನೀವೂ ಹಾಗೆ ಕೇಳಿ. ಮಾಲೀಕ ಹಣಕ್ಕೆ ಯಾವ ಹೆಸರನ್ನಾದರೂ ಇಡಬಲ್ಲ, ಕೊಡುವ ಕೈಯನ್ನು ಬಚ್ಚಿಡಲಾರ.

ಸಂಕ್ರಾಂತಿಗೆ ತೈ ಮಾಸ ಹುಟ್ಟಿ ಮದುವೆಗಳು ಸಾಲುಗಟ್ಟಿದ ಹೊತ್ತಿಗೆ ವಾಸುದೇವರಾಯರು ಸಂಘದ ಕಚೇರಿಗೆ ಬಂದರು. ಪರಿಹಾರದ ಹಣ ಜಮೆಯಾಯಿತೇ ಎಂದು ತಿಳಿಯಲು ವೇಣಕ್ಕ ಆ ದಿನ ಅಲ್ಲಿಗೆ ಬಂದು ಕುಳಿತಿದ್ದರು. ರಾಯರಿಗೆ ಇದು ಗೊತ್ತಿತ್ತೋ ಇಲ್ಲವೋ ತಿಳಿಯದು. ಬಾಗಿಲಲ್ಲಿ ಒಮ್ಮೆ ನಿಂತರು, ಆಮೇಲೆ ಒಳಗೆ ಬಂದರು. ದೊರೈಸ್ವಾಮಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ವೇಣಕ್ಕಾ, ಆಗಿದ್ದು ಆಗಿಹೋಯ್ತು" ಎಂದರು. "ಈ ಮುಹೂರ್ತಗಳು ಮುಗಿಯೋ ತನಕ ನೀವು ಬಂದು ನಿಂತರೆ ಸಾಕು. ಕೈಯಾಡಿಸೋದೇ ಬೇಡ. ಹುಡುಗಿಯರು ಮಾಡ್ತಾರೆ, ನೀವು ಹೇಳಿಕೊಡಿ."

"ಬೇರೆ ಯಾರೂ ಸಿಗಲಿಲ್ವಾ?"

"ಮಡಿ ಹೆಂಗಸರು ಯಾರೂ ನಮ್ಮ ಅಡುಗೆಮನೆಗೆ ಬರ್ತಾ ಇಲ್ಲ. ಕೇಳಿದರೆ ಮೈ ಸರಿಯಿಲ್ಲ ಅಂತಾರೆ, ಊರಿಗೆ ಹೋಗಬೇಕು ಅಂತಾರೆ."

"ಎಲ್ಲರಿಗೂ ಒಟ್ಟಿಗೇ ಮೈ ಸರಿಯಿಲ್ವಾ? ಪಾಪ."

ದೊರೈಸ್ವಾಮಿ ನನ್ನ ಮುಖ ನೋಡಿದರು. ನಾನು ಅನುವಾದಿಸಲಿಲ್ಲ. ರಾಯರ ಕುತ್ತಿಗೆ ಕೆಂಪಾಯಿತು. ಅವರು ಅಂಗವಸ್ತ್ರದಿಂದ ಮುಖ ಒರೆಸಿಕೊಂಡು, ದನಿ ತಗ್ಗಿಸಿ, "ನೀವು ಎಷ್ಟು ಹೇಳಿದರೆ ಅಷ್ಟು. ಸಂಬಳ ಅನ್ನಿ, ಸಂಭಾವನೆ ಅನ್ನಿ, ನಿಮ್ಮ ಇಷ್ಟ. ಕಾಗದದಲ್ಲೇ ಬರೆದು ಕೊಡ್ತೀನಿ" ಎಂದರು.

ವೇಣಕ್ಕ ತಲೆಯ ಸೆರಗನ್ನು ಸರಿಪಡಿಸಿಕೊಳ್ಳಲಿಲ್ಲ. ಮಡಚಿದ ಬೆರಳುಗಳ ಕೈ ಮಡಿಲಲ್ಲಿ, ಎಲ್ಲರಿಗೂ ಕಾಣುವಂತೆ ಇತ್ತು.

"ಮೊದಲು ಹೋಗಿ ಆ ಚಿಲಕ ಕೀಳಿಸಿ ಬನ್ನಿ, ರಾಯರೇ. ಕೂಲಿ ಎಷ್ಟೂಂತ ಆಮೇಲೆ ಮಾತಾಡೋಣ."